ಬಾವನ ಗಾಡಿಗೆ ಬಂದ ಗಿರಾಕಿ

ಬಾವ,

‘ಪೂಜ್ಯರಾದ ಬಾವನವರಿಗೆ’ ಎಂದು ಮೊದಲು ಬರೆದು ಹೊಡೆದುಹಾಕಿದೆ. ಓದಿದ್ದರೆ ನೀವು ಬಿದ್ದು ಬಿದ್ದು ನಗುತ್ತಿದ್ದಿರಿ. “ಲೇ, ನಾನೇನ್ ಸತ್ತೋಗಿದೀನೇನ್ಲೇ, ಇಷ್ಟೊಂದು ಮರ್ಯಾದೆ ಕೊಡ್ತೀಯಲ್ಲ?” ಅನ್ನುತ್ತಿದ್ದಿರಿ. ಈಗ ಅದಕ್ಕೆ ಏನು ಉತ್ತರ ಕೊಡಲಿ? ಬರೀ ಬಾವ ಅಂತಲೇ ಇರಲಿ. ನಿಮ್ಮ ಗಾಡಿಯ ವಿಷಯ ಒಂದು ಹೇಳಬೇಕು. ನೇರವಾಗಿ ಹೇಳಿದರೆ ಪೂರ್ತಿ ಕೇಳುವ ಮೊದಲೇ ಸಿಟ್ಟಾಗುತ್ತೀರಿ, ಅದಕ್ಕೆ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ನೀವು ಆ ಗಾಡಿಯನ್ನು ಮೊದಲ ಸಲ ಚಳ್ಳಕೆರೆಗೆ ತಂದ ದಿನ ನೆನಪಿದೆಯಾ? ನಾನು ಎಣ್ಣೆ ಮಿಲ್ಲಿನ ಗೇಟಿನ ಹತ್ತಿರ ನಮ್ಮ ಸಾಹುಕಾರರ ಕಾರು ಒರೆಸುತ್ತಿದ್ದೆ. ಅವರ ಡ್ರೈವರ್ ಅಂದರೆ ನನಗೂ ಆಗ ಸ್ವಲ್ಪ ಜಂಬ. ಯಾರೋ ಓಡಿಸಿ ಬಿಟ್ಟ, ಬಿಳಿ ಬಣ್ಣ ಹಳದಿಗೆ ತಿರುಗಿದ, ಹತ್ತು ಜನ ಕೂರುವ ಚೌಕಾಕಾರದ ಎತ್ತರದ ಡೀಸೆಲ್ ಗಾಡಿ ಗುಡುಗುಡು ಅಂತ ಬಂದು ನಿಂತಿತು. ಒಳಗಿಂದ ನೀವು ಇಳಿದಿರಿ, ಹೊಸ ಮದುವೆ ಗಂಡಿನ ಹಾಗೆ. “ಇದೇನ್ ಬಾವ, ಬೀರುಗೆ ಚಕ್ರ ಹಾಕ್ಸಿದೀರಾ?” ಅಂದೆ. ನೀವು ಸಾಹುಕಾರರ ಕಾರನ್ನು ಮೇಲಿಂದ ಕೆಳಗೆ ನೋಡಿ, “ನಿಮ್ದು ಬೆಣ್ಣೆ ಕಣಪ್ಪ, ಒಪ್ತೀನಿ. ಬೆಣ್ಣೆ ನಮ್ಮ ಬಿಸಿಲಿಗೆ ತಡೀತೈತಾ?” ಅಂದಿರಿ. ಅಲ್ಲಿಂದ ಶುರುವಾದ ಜಗಳ ಅದು. ಪ್ರತಿ ಸಂತೆಗೆ ಬಂದಾಗಲೂ ಚಹಾದಂಗಡಿ ಬೆಂಚಿನ ಮೇಲೆ ನೀವು ಹೊಗಳುವುದು, ನಾನು ಹಳಿಯುವುದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ನಾನೆಷ್ಟು ಸಲ ಅಂದಿಲ್ಲ! ಮಿಲ್ಲಿನ ಹಿಂದಿನ ಓಣಿಯಲ್ಲಿ ಒಂಟಿ ಕೋಣೆಯಲ್ಲಿರುವ ನನಗೆ ವಾರಕ್ಕೆ ಒಂದು ದಿನ ಬಾಯಿ ತುಂಬ ಮಾತಾಡಲು ಸಿಗುತ್ತಿದ್ದುದು ಆ ಬೆಂಚಿನ ಮೇಲೆ ಮಾತ್ರ.

ಕುದಾಪುರದ ಕಾವಲಿನ ಹುಲ್ಲುಬಯಲ ಹತ್ತಿರ ಒಮ್ಮೆ ಕುರಿಮಂದೆ ಅಡ್ಡ ಬಂದಿತ್ತು. ನಾನು ಪಕ್ಕದಲ್ಲಿ ಕೂತು, ಹಾರನ್ ಹೊಡೀರಿ ಅಂತ ಅವಸರ ಮಾಡುತ್ತಿದ್ದೆ. ನೀವು ಫಸ್ಟ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟು, ಎರಡೂ ಕಾಲನ್ನು ಹಿಂದಕ್ಕೆ ಎಳೆದುಕೊಂಡಿರಿ. “ಈಗ ನೋಡ್ಲೇ, ಇದೇ ನಡೀತೈತೆ.” ಆಕ್ಸಿಲರೇಟರ್ ಮುಟ್ಟಲಿಲ್ಲ, ಆದರೂ ಗಾಡಿ ಆಫ್ ಆಗಲಿಲ್ಲ, ಜಗ್ಗಲಿಲ್ಲ. ಕುರಿ ನಡೆಯುವಷ್ಟೇ ನಿಧಾನವಾಗಿ ತನ್ನ ಪಾಡಿಗೆ ತಾನು ನಡೆಯಿತು. ಕುರಿಗಳು ಮುಂದೆ ಸರಿದು ದಾರಿ ಬಿಟ್ಟವು, ಹಿಂದೆ ಮತ್ತೆ ಸೇರಿಕೊಂಡವು. “ಹಾರನ್ ಹೊಡದ್ರೆ ಗಬ್ಬದ ಕುರಿ ಬೆದರ್ತಾವೆ. ನಿಮ್ಮ ಬೆಣ್ಣೆ ಕಾರು ಹಿಂಗೆ ನಡೀತೈತಾ?” ಅಂದಿರಿ. ನಡೆಯುವುದಿಲ್ಲ, ಬಾವ. ಕಾಲು ತೆಗೆದರೆ ಕೆಮ್ಮಿ ನಿಂತುಬಿಡುತ್ತದೆ. ಆದರೆ ನಿಮ್ಮೆದುರು ಅದನ್ನು ಒಪ್ಪುವುದುಂಟೇ? “ಎತ್ತಿನ ಗಾಡೀನೂ ಹಿಂಗೇ ಹೋಗ್ತೈತೆ ಬಿಡ್ರಿ” ಅಂದೆ.

ಮೊಳಕಾಲ್ಮೂರಿನ ಮದುವೆಗೆ ಹೋಗಿದ್ದು ಇನ್ನೂ ಚೆನ್ನಾಗಿತ್ತು. ನಿಮ್ಮ ಇಬ್ಬರು ದಾಯಾದಿಗಳು ಬದುವಿನ ಜಗಳಕ್ಕೆ ಮಾತು ಬಿಟ್ಟು ವರ್ಷಗಳಾಗಿದ್ದವು. ನೀವು ಬೇಕೆಂದೇ ಅವರಿಬ್ಬರನ್ನೂ ಹಿಂದಿನ ಎದುರುಬದುರು ಸೀಟಿನಲ್ಲಿ ಕೂರಿಸಿದಿರಿ. ಮೊಣಕಾಲಿಗೆ ಮೊಣಕಾಲು ತಗಲುವ ಜಾಗ, ಕಿಟಕಿ ಕಡೆ ಮುಖ ತಿರುಗಿಸಿದರೂ ಎದುರಿನವನೇ ಕಾಣುತ್ತಾನೆ. ನಾಯಕನಹಟ್ಟಿ ದಾಟುವ ತನಕ ಇಬ್ಬರೂ ಚಾವಣಿ ನೋಡುತ್ತಿದ್ದರು. ಇಳಿಯುವಾಗ ಒಬ್ಬರ ಚಂಚಿಯಿಂದ ಇನ್ನೊಬ್ಬರು ಎಲೆ ಅಡಿಕೆ ತೆಗೆದುಕೊಳ್ಳುತ್ತಿದ್ದರು. “ಪಂಚಾಯ್ತಿ ಮಾಡಕ್ಕಾಗದ್ದನ್ನ ನನ್ನ ಗಾಡಿ ಮಾಡ್ತು” ಅಂತ ಆ ಮದುವೆಮನೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಿರಿ. ನನಗೂ ಹೇಳಿದಿರಿ, ನಾನು ಅದೇ ಗಾಡಿಯಲ್ಲಿ ಬಂದಿದ್ದೆ ಅನ್ನುವುದನ್ನೇ ಮರೆತು.

ನೀವು ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ ಅಂತ ಮಿಲ್ಲಿಗೆ ಫೋನ್ ಬಂದಾಗ... ಬೇಡ, ಅದನ್ನು ಬರೆಯುವುದಿಲ್ಲ. ನಿಮ್ಮ ಕುರಿಮಂದೆಯನ್ನು ನಿಮ್ಮ ತಮ್ಮ ನೋಡಿಕೊಂಡ. ಗಾಡಿ ಮಾತ್ರ ಅಕ್ಕನ ಬಾಗಿಲ ಮುಂದೆ ಬೇವಿನ ಮರದ ಕೆಳಗೆ ನಿಂತೇ ಇತ್ತು. ನಿಂತಲ್ಲೇ ನಿಂತರೆ ಬ್ಯಾಟರಿ ಕೂತುಬಿಡುತ್ತದೆ ಅಂತ ರಜೆ ಸಿಕ್ಕಾಗಲೆಲ್ಲ ಬಂದು ಸ್ಟಾರ್ಟ್ ಮಾಡತೊಡಗಿದೆ. ಸುಮ್ಮನೆ ಸ್ಟಾರ್ಟ್ ಮಾಡಿ ಏನು ಮಾಡುವುದು? ಒಂದು ಸುತ್ತು ಹೋಗಿಬರುತ್ತಿದ್ದೆ. ನಿಜ ಹೇಳಬೇಕೆಂದರೆ ಬ್ಯಾಟರಿ ಒಂದು ನೆಪ. ಆ ಸೀಟಿನಲ್ಲಿ ಕೂತಾಗ ನೀವು ಪಕ್ಕದಲ್ಲೇ ಎಲ್ಲೋ ಇದ್ದೀರಿ ಅನ್ನಿಸುತ್ತಿತ್ತು.

ಒಂದು ದಿನ ಪರಶುರಾಂಪುರದ ಕಡೆ ಹೋಗಿ ವೇದಾವತಿಯ ಒಣಮರಳಿಗೆ ಇಳಿಸಿದೆ. ಸ್ಟೇರಿಂಗ್ ಗಟ್ಟಿ, ತೋಳು ನೋಯುತ್ತದೆ ಅಂತ ಎಷ್ಟು ಬೈದಿದ್ದೆ! ಮರಳಿನಲ್ಲಿ ಹೋಗುವಾಗ ತಿಳಿಯಿತು, ಕೆಳಗೆ ಎಲ್ಲಿ ಮೆದು, ಎಲ್ಲಿ ಗಟ್ಟಿ ಅನ್ನುವುದನ್ನು ಆ ಸ್ಟೇರಿಂಗು ಅಂಗೈಗೆ ಹೇಳುತ್ತದೆ. ಸಾಹುಕಾರರ ಕಾರಿನಲ್ಲಿ ಬೆರಳಲ್ಲಿ ತಿರುಗಿಸಬಹುದು, ಚಕ್ರ ಎಲ್ಲಿದೆ ಅಂತ ಮಾತ್ರ ದೇವರಿಗೇ ಗೊತ್ತು. ನಿಮ್ಮ ಗಾಡಿಯಲ್ಲಿ ಎತ್ತರಕ್ಕೆ ಕೂತರೆ ಬಾನೆಟ್ಟಿನ ಎರಡೂ ಮೂಲೆ ಕಣ್ಣಿಗೆ ಕಾಣುತ್ತವೆ. ಎರಡು ಬೇಲಿಗಳ ನಡುವಿನ ಬಂಡಿಜಾಡಿನಲ್ಲೂ ಮುಳ್ಳು ತಗಲದಂತೆ ಹೊರಬರಬಹುದು. ನೀವು ಇದನ್ನೆಲ್ಲ ಹೇಳಿದ್ದಿರಿ, ನಾನು ಚಹಾ ಹೀರುತ್ತಾ ಆಕಳಿಸಿದ್ದೆ. ಆ ದಿನ ಹೊಳೆಯ ನಡುವೆ ಗಾಡಿ ನಿಲ್ಲಿಸಿ, ನೀವು ಗೆದ್ದಿರಿ ಬಾವ ಅಂತ ಗಟ್ಟಿಯಾಗಿ ಅಂದೆ. ಕೇಳುವವರು ಯಾರಿದ್ದರು? ಸೋಲುವುದಕ್ಕೂ ಎದುರಿಗೆ ಒಬ್ಬರು ಬೇಕು. ಚಳ್ಳಕೆರೆಯಲ್ಲಿ ಈಗ ನನ್ನನ್ನು ‘ಲೇ’ ಅನ್ನುವವರು ಒಬ್ಬರೂ ಇಲ್ಲ. ಎಲ್ಲರೂ ‘ಡ್ರೈವರ್ರೇ’ ಅನ್ನುತ್ತಾರೆ, ಮರ್ಯಾದೆಯಿಂದ. ಸಂತೆ ದಿನ ಆ ಚಹಾದಂಗಡಿ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಬಂದು ಗಾಡಿ ಸ್ಟಾರ್ಟ್ ಮಾಡಿದೆ. ಅಕ್ಕ ಒಳಗಿಂದ ಓಡಿಬಂದಳು. ಕೈಯಲ್ಲಿ ಬುತ್ತಿಗಂಟು. ಹೊಸ್ತಿಲ ಮೇಲೆ ನಿಂತು ನನ್ನನ್ನು ನೋಡಿದಳು, ಆಮೇಲೆ ಕೈಯಲ್ಲಿದ್ದ ಗಂಟು ನೋಡಿದಳು. “ಇದರ ಸದ್ದು ಕೇಳಿದ್ರೆ ನನ್ನ ಕಾಲು ತಾವೇ ಓಡ್ತಾವೆ ಕಣೋ. ಬಂದು ನೋಡಿದ್ರೆ ನೀನು ಕೂತಿರ್ತೀಯ” ಅಂದಳು. ನಾನು ಎಂಜಿನ್ ಆಫ್ ಮಾಡಿದೆ. “ಇದನ್ನ ಯಾರಿಗಾದ್ರೂ ಕೊಟ್ಟುಬಿಡು. ನೀನ್ ಇಟ್ಕಬ್ಯಾಡ, ನಿನ್ನ ಹತ್ರ ಇದ್ರೆ ಮತ್ತೆ ಈ ಬಾಗ್ಲಿಗೇ ಬರ್ತೈತೆ.” ನನಗೆ ನಿಮ್ಮನ್ನು ಹತ್ತಿರ ತರುತ್ತಿದ್ದ ಸದ್ದು ಅವಳ ಎದೆಗೆ ಚೂರಿ ಹಾಕುತ್ತಿತ್ತು. ಮಾರುತ್ತೇನೆ ಅಂತ ಮಾತು ಕೊಟ್ಟೆ. ಇನ್ನೇನು ಮಾಡಲಿ?

ಮಾತು ಕೊಟ್ಟೆ ನಿಜ, ಮನಸ್ಸು ಎಲ್ಲಿ ಬಂತು? ನನ್ನ ಪುಣ್ಯಕ್ಕೆ ಬಂದ ಗಿರಾಕಿಗಳೆಲ್ಲ ಹಿಂದಿನ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡು ವಾಪಸ್ ಹೋದರು. ಹಿಂದಿನ ಸೀಟು ಮಡಚಿ, ಕಂಬಳಿ ಹಾಸಿ, ಆಗಷ್ಟೇ ಹುಟ್ಟಿದ ಮರಿಗಳನ್ನು ನೀವು ಎಷ್ಟು ವರ್ಷ ಹೊತ್ತು ತಂದಿಲ್ಲ! ಆ ಕುರಿ ನಾತ ಹೋಗುತ್ತದೆಯೇ? “ಚೆನ್ನಾಗಿ ತೊಳೆದಿದೀನ್ರಿ” ಅನ್ನುತ್ತಿದ್ದೆ. ತೊಳೆದಿರಲಿಲ್ಲ. ಅವರು ಬೈಕ್ ಹತ್ತಿ ಹೋಗುವಾಗ ಒಳಗೊಳಗೇ ಕುಣಿಯುವಷ್ಟು ಖುಷಿ.

ಆಮೇಲೆ ಮೊಳಕಾಲ್ಮೂರಿನ ಶಾಮಿಯಾನದವನು ಬಂದ. ಮದುವೆಮನೆಗಳಿಗೆ ಪೆಂಡಾಲು, ಪಾತ್ರೆ ಬಾಡಿಗೆಗೆ ಕೊಡುವವನು, ಅರ್ಧ ತೆಲುಗು, ಅರ್ಧ ಕನ್ನಡ. ಬಾಗಿಲು ತೆಗೆದು, “ಏಮಯ್ಯಾ, ಇದು ಗಾಡಿನಾ ಕುರಿದೊಡ್ಡಿನಾ?” ಅಂದ. ನಾನು ನಕ್ಕೆ. ಹೋಗುತ್ತಾನೆ ಅಂದುಕೊಂಡೆ. ಅವನು ಅಷ್ಟಕ್ಕೇ ಸುಮ್ಮನಿರಬಾರದಿತ್ತಾ? “ತಲೆ ಇದ್ದೋನು ಇಂಥದ್ದು ತಗೊಳ್ತಾನಾ? ಯಾವ ಪುಣ್ಯಾತ್ಮನಯ್ಯಾ ಅವನು?” ಅಂದ. ನಿಮ್ಮನ್ನು! ನನ್ನ ಮೈ ಉರಿದುಹೋಯಿತು ಬಾವ. ಆ ಗಾಡಿಯನ್ನು ಬೈಯುವ ಹಕ್ಕು ಇದ್ದಿದ್ದು ನನಗೊಬ್ಬನಿಗೆ. ಇವನು ಯಾರು?

“ಹತ್ರೀ ಒಳಗೆ” ಅಂದೆ. ಮುಂದೆ ಕೂರಿಸಿಕೊಂಡು ಕಲ್ಲುದಿಬ್ಬಕ್ಕೆ ಸೆಕೆಂಡ್ ಗೇರಿನಲ್ಲೇ ಹತ್ತಿಸಿದೆ, ಉಸಿರೆತ್ತದೆ ಹತ್ತಿತು. ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಎಂಜಿನ್ನಿನ ಹಿಡಿತದಲ್ಲೇ ಇಳಿಸಿದೆ. ಹಳ್ಳಕೊಳ್ಳದಲ್ಲಿ ಬೇಗ ಹೋದರೆ ಕುಣಿಯುತ್ತದೆ, ಭಾರ ಹೇರಿದರೆ ತೊಟ್ಟಿಲು ಅಂತ ತಿಳಿಸಿದೆ. ಹಿಂದಿನ ಬಾಗಿಲು ಮನೆ ಬಾಗಿಲಿನಂತೆ ಪಕ್ಕಕ್ಕೆ ತೆರೆಯುತ್ತದೆ, ಹಂಡೆಯನ್ನು ಎತ್ತಿ ಹಾಕಬೇಕಿಲ್ಲ, ತಳ್ಳಿದರೆ ಸಾಕು ಅಂತ ತೋರಿಸಿದೆ. ಯಾವ ಹಳ್ಳಿಯಲ್ಲಿ ಕೆಟ್ಟರೂ ಟ್ರಾಕ್ಟರ್ ರಿಪೇರಿಯವನ ಹತ್ತಿರ ಇರುವ ಸ್ಪ್ಯಾನರ್ ಇದಕ್ಕೆ ಸಾಕು ಅಂದೆ. ನನ್ನ ಬಾಯಲ್ಲಿ ನಿಮ್ಮ ಮಾತು, ನಿಮ್ಮದೇ ಧಾಟಿ, ಕೊನೆಗೆ ನಿಮ್ಮ ಹಾಗೇ ಸ್ಟೇರಿಂಗ್ ತಟ್ಟುವುದೂ ಬಂತು. ಎಷ್ಟೋ ತಿಂಗಳ ಮೇಲೆ ಅಷ್ಟು ಮಾತಾಡಿದ್ದೆ. ನಿಲ್ಲಿಸುವುದು ಹೇಗೆ ಅಂತಲೇ ತಿಳಿಯಲಿಲ್ಲ.

“ಸದ್ದು ಜಾಸ್ತಿ ಐತಲ್ಲಯ್ಯಾ” ಅಂತ ಅವನು ಒಂದು ಸಲ ಗೊಣಗಿದ. ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕನ ಮನೆ ಮುಂದೆ ಇಳಿದು ಗಾಡಿಯ ಸುತ್ತ ಒಂದು ಸುತ್ತು ಬಂದ. “ಚಾಲಾ ಬಾವುಂದಿ, ಭಾಳ ಚೆನ್ನಾಗೈತೆ. ಈ ಗಾಡಿ ನಂಗೇ ಬೇಕು” ಅಂದ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ ಇರಬೇಕು. ವಾಪಸ್ ಹೋಗಲಿದ್ದವನನ್ನು ನಾನೇ ಹಿಡಿದು ತಂದು ಕೂರಿಸಿದಂತಾಯಿತು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು, ಇಲ್ಲ ಅನ್ನಲು ಯಾವ ಬಾಯಿ? ಅವನು ದುಡ್ಡು ಎಣಿಸಿ ಕೊಟ್ಟು ಗಾಡಿ ಓಡಿಸಿಕೊಂಡು ಹೋದ. ಹೌದು ಬಾವ, ನಿಮ್ಮ ಗಾಡಿ ಈಗ ಮೊಳಕಾಲ್ಮೂರಿನಲ್ಲಿದೆ. ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಈ ಸಲದ ರಜೆಗೆ ಹೋದಾಗ ಅಕ್ಕ ಜಗಲಿಯ ಮೇಲೆ ರಸ್ತೆ ಕಡೆ ಮುಖ ಮಾಡಿ ಕೂತಿದ್ದಳು. ಬೇವಿನ ಮರದ ಕೆಳಗೆ ಎಣ್ಣೆ ತೊಟ್ಟಿಕ್ಕಿದ ಕರಿ ಕಲೆ ಮಾತ್ರ ಇತ್ತು. “ಏನೇನ್ ಹೇಳಿ ಕೊಟ್ಟೆ ಅವನಿಗೆ?” ಅಂದಳು. ಒಂದೊಂದೇ ಹೇಳಿದೆ. ಸದ್ದಿನ ವಿಷಯಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ ಅಂದೆ.

ಅವಳು ಸೆರಗಿನ ತುದಿ ಸುತ್ತುತ್ತಾ ಕೂತಳು. ಆಮೇಲೆ, “ಮನೇಲಿ ನಿಮ್ಮ ಬಾವ ನನ್ನ ಜೊತೆ ಎಲ್ಲಿ ಮಾತಾಡ್ತಿದ್ರು? ಮನೆ ತುಂಬ ಜನ. ನೀರು ಕೊಡು, ಬುತ್ತಿ ಕಟ್ಟು, ಅಷ್ಟೇಯ. ಮಂದೆ ಹತ್ರ ಹೋಗೋವಾಗ ಅತ್ತೆ ಹಿಂದೆ ಕೂರೋರು, ಮುಂದೆ ಕೂತ್ರೆ ಅವ್ರಿಗೆ ತಲೆ ತಿರುಗ್ತಿತ್ತು. ಮುಂದೆ ನಾವಿಬ್ರೇ. ಆ ಸದ್ದಿನಾಗೆ ನಿಮ್ಮ ಬಾವ ಮಾತಾಡಿದ್ದು ನಂಗೊಬ್ಬಳಿಗೇ ಕೇಳ್ತಿತ್ತು” ಅಂದಳು.

“ಏನ್ ಮಾತಾಡ್ತಿದ್ರಕ್ಕ?”

“ನಿಂಗ್ಯಾಕೆ?” ಅಂದಳು. ಅವಳ ಮುಖ ಕೆಂಪಾಯಿತು ಬಾವ. ಆಮೇಲೆ ಅತ್ತಳು. ನೀವು ಹೋದ ದಿನವೂ ಅಷ್ಟು ಅತ್ತಿರಲಿಲ್ಲ. ಚಹಾದಂಗಡಿಯಲ್ಲಿ ಅಷ್ಟೆಲ್ಲ ಹೊಗಳಿದಿರಲ್ಲ, ಈ ಒಂದು ಗುಣವನ್ನು ನನಗೆ ಹೇಳಲೇ ಇಲ್ಲವಲ್ಲ ನೀವು? ಕಳ್ಳರು.

ನಾನು ಹೊರಡಲು ಎದ್ದಾಗ ಅವಳು, “ವಾಪಸ್ ತಗಂಬಾರೋ” ಅಂದಳು. “ನೀನೇ ಅಲ್ವೇನಕ್ಕ ಕೊಡು ಅಂದಿದ್ದು?” ಅಂದೆ. “ಸದ್ದು ಕೇಳಿದ್ರೆ ತಡೆಯಕಾಗ್ತಿರ್ಲಿಲ್ಲ. ಈಗ ಬೆಳಗಿಂದ ಸಂಜೆ ಗಂಟ ಕಿವಿ ಕೊಟ್ಕೊಂಡು ಕೂತಿರ್ತೀನಿ. ಇದು ಅದಕ್ಕಿಂತ ಕಷ್ಟ ಕಣೋ.”

ಚಳ್ಳಕೆರೆಗೆ ಬಂದು ಎಸ್‌ಟಿಡಿ ಬೂತಿನಿಂದ ಆ ಶಾಮಿಯಾನದವನಿಗೆ ಫೋನ್ ಮಾಡಿದೆ. ಬೇಡಿಕೊಂಡೆ. “ಎಷ್ಟು ಕೊಟ್ರೂ ಕೊಡಲ್ಲಯ್ಯಾ. ನೀನು ಹೇಳಿದ್ದೆಲ್ಲ ಅಕ್ಷರ ನಿಜ, ಇಂಥ ಗಾಡಿ ಇನ್ನೆಲ್ಲಿ ಸಿಗ್ತೈತೆ?” ಅಂತ ನನಗೇ ನಿಮ್ಮ ಗಾಡಿಯ ಗುಣಗಾನ ಶುರು ಮಾಡಿದ. ಬೇಡಿದರೆ ಬಗ್ಗುವ ಆಸಾಮಿ ಅಲ್ಲ. ಉಳಿದಿರುವುದು ಒಂದೇ ದಾರಿ. ನಾಳೆ ಮೊದಲ ಬಸ್ಸಿಗೆ ಮೊಳಕಾಲ್ಮೂರಿಗೆ ಹೋಗುತ್ತೇನೆ. ಅವನೆದುರು ಕೂತು, ಅದು ಎಂಥ ದರಿದ್ರ ಗಾಡಿ, ನಾನು ಎಂಥ ಸುಳ್ಳ, ಅದನ್ನು ಕೊಂಡಿದ್ದ ನಮ್ಮ ಬಾವನಿಗೆ ಎಷ್ಟು ಬುದ್ಧಿ ಕಮ್ಮಿ ಅಂತ ಅವನು ನಂಬುವ ತನಕ ಹೇಳಿ, ಅವನ ದುಡ್ಡು ಅವನಿಗೆ ಕೊಟ್ಟು ಕೀ ಈಸಿಕೊಂಡು ಬರುತ್ತೇನೆ. ಸಂಜೆಯೊಳಗೆ ಅಕ್ಕನ ಬಾಗಿಲ ಮುಂದೆ ಎಂಜಿನ್ ಆಫ್ ಮಾಡದೆ ನಿಲ್ಲಿಸುತ್ತೇನೆ. ಇದು ನಾನು ನಿಮಗೆ ಕೊಡುವ ಮಾತು.

ಅಲ್ಲಿಯವರೆಗೆ ನಿಮ್ಮ ಬಗ್ಗೆ ನಾನು ಆಡುವ ಒಂದು ಮಾತನ್ನೂ ನಂಬಬೇಡಿ, ಬಾವ.