ಚಂಪಾಬಾಯಿಯನ್ನು ಊಟದಿಂದ ಎಬ್ಬಿಸಿದ ರಸ್ತೆ

ಊರನ್ನೇ ನಿಲ್ಲಿಸಬಲ್ಲ ಮಾನ್ಯ ಸಂಚಾರ ಅಧಿಕಾರಿಗಳೇ,

ನಿಮ್ಮ ಮಹಾನಗರದ ರಸ್ತೆಯೊಂದು ಕಳೆದ ತಿಂಗಳು ನನ್ನ ಸೋದರತ್ತೆ ಚಂಪಾಬಾಯಿಯನ್ನು ಎರಡನೆಯ ತುತ್ತಿಗೇ ಊಟದಿಂದ ಎಬ್ಬಿಸಿತು. ದೂರು ಇಷ್ಟೇ. ಇದು ಎಷ್ಟು ದೊಡ್ಡದೆಂದು ತಿಳಿಯಲು ನೀವು ತುಸು ನಿಲ್ಲಬೇಕು. ನಿಲ್ಲಿಸುವುದು ನಿಮಗೆ ರೂಢಿ. ಒಮ್ಮೆ ನಿಂತೂ ನೋಡಿ. ಊರಿನ ಹೆಸರು ಬರೆಯುವುದಿಲ್ಲ. ಅದು ನಿಮ್ಮ ಮರ್ಯಾದೆಗಾಗಿ ಅಲ್ಲ, ಅತ್ತೆಯ ಮಗಳು ಸೋನಲ ಇನ್ನೂ ಅಲ್ಲೇ ಬಾಳಬೇಕಲ್ಲ, ಅದಕ್ಕಾಗಿ.

ಸೋನಲ ಅಲ್ಲಿ ಫ್ಲ್ಯಾಟು ತೆಗೆದುಕೊಂಡಿದ್ದಳು. ನಾವು ಹೊರಟ ಮರುದಿನ ವಾಸ್ತುಶಾಂತಿ. ಅತ್ತೆ ಮತ್ತು ನಾನು ನಮ್ಮ ಗಡಿಯೂರು ಗಡಹಿಂಗ್ಲಜದಿಂದ ನಸುಕಿನಲ್ಲೇ ಹೊರಟೆವು. ಅಂದು ಚತುರ್ದಶಿ, ಅತ್ತೆಗೆ ಏಕಾಶನ. ನಮ್ಮ ಜೈನರ ಈ ವ್ರತದಲ್ಲಿ ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವುದರೊಳಗೆ, ಒಂದೇ ಕೂತಲ್ಲಿ. ನೀರೂ ಆಗಲೇ. ಎದ್ದರೆ ಮುಗಿಯಿತು, ಮತ್ತೆ ಮರುದಿನವೇ. ಮಗಳ ಮನೆಯಲ್ಲಿ ನಿಶ್ಚಿಂತೆಯಿಂದ ಉಣ್ಣುವುದೆಂದು ಹೊರಟವಳು, ಇರಲಿ ಎಂದು ಚಪಾತಿ, ಹೆಸರುಬೇಳೆ ಪಲ್ಯದ ಡಬ್ಬಿ, ಕಾಯಿಸಿ ಆರಿಸಿದ ನೀರು ಕಟ್ಟಿಕೊಂಡಿದ್ದಳು.

ಕೊಲ್ಲಾಪುರ ದಾಟಿ ಬಸ್ಸು ಚೆನ್ನಾಗಿಯೇ ಓಡಿತು. ನಿಮ್ಮ ಊರು ಬಂತೆಂದು ಬೋರ್ಡು ಹೇಳಿತು. ಊರು ಮಾತ್ರ ಬರಲಿಲ್ಲ. ಬೈಪಾಸಿನಲ್ಲಿ ಇಳಿದು ಸಿಟಿ ಬಸ್ಸು ಹತ್ತಿದೆವು. ಮೇಲೆ ಮೆಟ್ರೋ, ಕೆಳಗೆ ಮಣ್ಣು, ನಡುವೆ ನಮ್ಮ ಕೆಂಪು ಕಣ್ಣು. ಪ್ರಾಸ ನನ್ನದು, ಧೂಳು ನಿಮ್ಮದು. ಯಾರೋ ದೊಡ್ಡವರು ಹಾದುಹೋಗುವವರಿದ್ದಾರೆಂದು ಸಿಗ್ನಲ್ಲಿನಲ್ಲಿ ಎಲ್ಲವೂ ನಿಂತಿತು. ನಿಂತದ್ದು ನಿಂತೇ ಇತ್ತು. ಬಿಸಿಲು ಓರೆಯಾಗತೊಡಗಿತು.

"ಅತ್ತೀ, ಇಲ್ಲೇ ಉಂಡಬಿಡ್ರಿ. ಹೊತ್ತ ಮುಳಗಿದ್ರ ಇಡೀ ಉಪಾಸ ಆಕ್ಕೈತಿ," ಎಂದೆ.

"ರಸ್ತಾದಾಗ ಉಣ್ಣೂದನ, ಜಿನಗೊಂಡ?"

"ರಸ್ತಾ ಅಂದ್ರ ಸಾಗಬೇಕಲ್ರಿ. ಇದು ನಿಂತೈತಿ. ಪಡಸಾಲಿ ಅಂತ ತಿಳಕೊಳ್ರಿ."

ಅವಳು ಚಪ್ಪಲಿ ಬಿಟ್ಟಳು, ಸೀಟಿನ ಮೇಲೆ ಕಾಲು ಮಡಿಚಿ ಕೂತಳು, ಕಿಟಕಿಯಾಚೆ ಕೈ ಚಾಚಿ ತೊಳೆದಳು, ಕಣ್ಣು ಮುಚ್ಚಿ ಮಂತ್ರ ಹೇಳಿ ಡಬ್ಬಿ ತೆರೆದಳು. ಎರಡನೆಯ ತುತ್ತು ಬಾಯಿಗಿಡುವಾಗ ಹೊರಗೆ ಪೊಲೀಸನ ಸೀಟಿ ಕೇಳಿಸಿತು. ಮುಂದಿನ ದಾರಿ ಬಂದ್, ಬಸ್ಸು ಇಲ್ಲಿಂದಲೇ ತಿರುಗಬೇಕು, ಎಲ್ಲರೂ ಇಳಿಯಿರಿ!

ನಾನು ಕಂಡಕ್ಟರನಿಗೆ ಮರಾಠಿಯಲ್ಲಿ ವ್ರತದ ಸಂಗತಿ ತಿಳಿಸಿದೆ. ಪುಣ್ಯಾತ್ಮ, "ಬಸೂ ದ್ಯಾ ಆಜೀಂನಾ," ಅಜ್ಜಿ ಕೂತಿರಲಿ, ಅಂದುಬಿಟ್ಟ. ಅದೇ ಬಸ್ಸಿನಲ್ಲಿದ್ದ, ಆ ಊರಲ್ಲಿ ವೈರಿಂಗ್ ಕೆಲಸ ಮಾಡುವ, ನಮ್ಮ ಕಡೆಯ ಕೋವಾಡದ ಯುವರಾಜ ಎಂಬವನು ನಮ್ಮ ಕನ್ನಡ ಕೇಳಿ ಹತ್ತಿರ ಬಂದಿದ್ದ. "ಉಣ್ರಿ ಆಯಿ, ಸಾವಕಾಶ ಉಣ್ರಿ. ಇಡೀ ಊರ ನಿಂತೈತಿ, ಇದೊಂದ ಬಸ್ಸ ನಿಂತ್ರ ಯಾರಪ್ಪನ ಗಂಟ ಹೋಕ್ಕೈತಿ!" ಎಂದ. ಅಷ್ಟರಲ್ಲಿ ನಿಮ್ಮ ಪೊಲೀಸ ಬಸ್ಸಿನ ತಗಡಿಗೆ ಲಾಠಿಯಿಂದ ಬಡಿದ. ಹಿಂದೆ ಹಾರ್ನುಗಳ ಭಜನೆ. ಅತ್ತೆ ಒಮ್ಮೆ ಸುತ್ತ ನೋಡಿದಳು.

"ನನ್ನ ಒಂದ ಹೊಟ್ಟಿಗೆ ಇಷ್ಟ ಮಂದೀನ ನಿಲ್ಲಸೂದನ? ನಾಚಿಕಿ ಬರತೈತಿ," ಎಂದವಳೇ ಡಬ್ಬಿ ಮುಚ್ಚಿ ಎದ್ದುಬಿಟ್ಟಳು.

ಎದ್ದಳು, ಮುಗಿಯಿತು. ನೀರಿನ ಬಾಟಲಿ ತುಂಬಿಯೇ ಇತ್ತು. ಅದನ್ನು ಹೊತ್ತುಕೊಂಡೇ ನೀರಡಿಸಿ ನಡೆದಳು. ನೆರಳಿಗೆ ನಿಲ್ಲೋಣವೆಂದರೆ ಮರ ಕಡಿದಿದ್ದೀರಿ, ಕೂರೋಣವೆಂದರೆ ಫುಟ್‌ಪಾತು ಅಗೆದಿದ್ದೀರಿ. ಮಗಳ ಮನೆ ಮುಟ್ಟಿದಾಗ ದೀಪ ಹತ್ತಿದ್ದವು. ಬಡಿಸಿಟ್ಟ ತಾಟಿನ ಮುಂದೆ ಬಸುರಿ ಸೋನಲ ಅಳುತ್ತ, "ಒಂದ ಗುಟುಕ ನೀರರೆ ಕುಡಿ ಅವ್ವಾ," ಎಂದಳು. "ನಾಳಿಗೆ," ಎಂದಳು ಅತ್ತೆ. ಆ ರಾತ್ರಿ ತಾಯಿಯ ಎದುರು ಮಗಳು ತನ್ನ ಊರಿಗಾಗಿ ನಾಚಿದಳು. ರಸ್ತೆಯನ್ನು ಪಡಸಾಲೆ ಎಂದು ಜಾಣತನ ಮೆರೆದ ನಾನೂ ನಾಚಿದೆ.

ಮಾನ್ಯರೇ, ನಾಲ್ಕು ತುತ್ತಿನ ಹೊತ್ತು ಒಂದು ಬಸ್ಸು ನಿಲ್ಲಿಸಲು ಆಕೆ ನಾಚಿದಳು. ಮಧ್ಯಾಹ್ನವೆಲ್ಲ ಒಂದು ಮಹಾನಗರ ನಿಲ್ಲಿಸಿದವರಲ್ಲಿ ಯಾರೂ ನಾಚಿದ್ದು ಕಾಣಲಿಲ್ಲ. ನಾಚಿಕೆಗೂ ನೀವು ಬದಲಿ ಮಾರ್ಗ ಮಾಡಿದ್ದೀರಾ? ತಪ್ಪು ಮಾಡಿದವರನ್ನು ಸುತ್ತುಬಳಸಿ ಅದು ಹಸಿದವರ ಮನೆಗೇ ಬಂದು ಮುಟ್ಟುತ್ತಿದೆಯಲ್ಲ? ಈ ಪತ್ರ ಕನ್ನಡದಲ್ಲಿದೆ, ಓದಲು ಬರುವುದಿಲ್ಲ ಎನ್ನಬೇಡಿ. ನಿಮ್ಮವರು ಮರಾಠಿಯಲ್ಲಿ ಕೊಟ್ಟ ಅರ್ಜಿಗಳನ್ನಾದರೂ ನೀವು ಓದಿದ್ದರೆ ವಿಷಯ ಕನ್ನಡದವರೆಗೆ ಬರುತ್ತಿರಲಿಲ್ಲ.

ದಾರಿ ಮುಚ್ಚುವುದಿದ್ದರೆ ಬಸ್ಸು ಹತ್ತುವ ಮೊದಲೇ ತಿಳಿಸಿ, ನಡುದಾರಿಯಲ್ಲಿ ಇಳಿಸುವುದಿದ್ದರೆ ಇನ್ನೊಂದು ಬಸ್ಸು ಕೊಡಿ. ಇದನ್ನು ಎಲ್ಲರೂ ಕೇಳಿದ್ದಾರೆ, ನಾನೂ ಕೇಳುತ್ತೇನೆ. ನನ್ನ ನಿಜವಾದ ಬೇಡಿಕೆ ಬೇರೆ. ಸೋನಲಳಿಗೆ ದಿನ ತುಂಬುತ್ತಿದೆ. ತಾಯಿ ಬರಬೇಕೆಂದು ದಿನಾಲು ಫೋನು ಮಾಡುತ್ತಾಳೆ. ಅತ್ತೆ ಒಲ್ಲೆ ಎನ್ನುತ್ತಾಳೆ: "ಊರ ಭಾಳ ಚಲೋ ಐತಿ, ಮುಟ್ಟಾಕ ಆಗೂದಿಲ್ಲ ಅಷ್ಟ. ತಪ್ಪ ನಂದ. ಬಸ್ಸಿನಾಗ ಉಣ್ಣಾಕ ಕುಂತು ಮಂದಿಗೆ ತ್ರಾಸ ಕೊಟ್ಟೆ."

ಆ ತಪ್ಪನ್ನು ಆಕೆಯಿಂದ ಮರಳಿ ತೆಗೆದುಕೊಳ್ಳಿ. ಅದು ನಿಮ್ಮ ಇಲಾಖೆಯ ಸ್ವತ್ತು. ಒಂದು ಕಾರ್ಡು ಬರೆಯಿರಿ: 'ತಪ್ಪು ನಮ್ಮದು. ಮಗಳ ಊರಿಗೆ ಬನ್ನಿ. ಈ ಸಲ ಎಬ್ಬಿಸುವುದಿಲ್ಲ.' ಮರಾಠಿಯಲ್ಲಿದ್ದರೂ ನಡೆಯುತ್ತದೆ. ಅತ್ತೆ ಊಟಕ್ಕೆ ಕೂತಾಗ ನಾನು ಓದಿ ಹೇಳುತ್ತೇನೆ.

ಇಂತಿ,
ನಿಮ್ಮ ಪಾಲಿನ ನಾಚಿಕೆಯನ್ನೂ ಸದ್ಯಕ್ಕೆ ಹೊತ್ತುಕೊಂಡಿರುವ,
ಜಿನಗೊಂಡ, ಗಡಹಿಂಗ್ಲಜ