ಮನವಿಯಲ್ಲಿ ಜೆಸಿಂತಳ ಹೆಸರು

ಹೆಬ್ಬಾಳ
16 ಜುಲೈ 1984

ಪೂಜ್ಯ ಫಾದರ್ ಅವರಿಗೆ ಲೂರ್ದಮ್ಮ ಮಾಡುವ ನಮಸ್ಕಾರ.

ಗರ್ಭಪಾತಕ್ಕೆ ಯಾವ ದೇಶವೂ ಒಪ್ಪಬಾರದೆಂದು ಜನಸಂಖ್ಯೆಯ ಬಗ್ಗೆ ಎಲ್ಲ ದೇಶಗಳೂ ಸೇರುವ ಮೆಕ್ಸಿಕೋದ ದೊಡ್ಡ ಸಭೆಗೆ ನಮ್ಮ ಚರ್ಚಿನಿಂದ ಹೋಗುವ ಮನವಿಯನ್ನು ನಿನ್ನೆ ಬಾಗಿಲಿಗೆ ಅಂಟಿಸಿದ್ದಿರಿ. ಕುಟುಂಬಗಳ ಪುಸ್ತಕ ನೋಡಿಕೊಂಡು ಎಲ್ಲರ ಹೆಸರನ್ನೂ ನೀವೇ ಬರೆಸಿದ್ದೀರಿ. ನನ್ನ ಹೆಸರಿನ ಕೆಳಗೆ ನನ್ನ ಮಗಳು ಜೆಸಿಂತಳ ಹೆಸರೂ ಇದೆ. "ಅಜ್ಜೀ, ಅಮ್ಮನ್ ಹೆಸ್ರು!" ಎಂದು ಮೊಮ್ಮಗಳು ಓದಿದಳು.

ನಾಲ್ಕನೆಯದನ್ನು ಹೆತ್ತರೆ ಜೀವಕ್ಕೆ ಅಪಾಯವೆಂದು ಡಾಕ್ಟರು ಹೇಳಿದಾಗ ಅವಳು ಮೊದಲು ಬಂದದ್ದು ನಿಮ್ಮ ಹತ್ತಿರ. "ಅದು ಕೊಲೆ ಕಣಮ್ಮ" ಅಂದಿರಿ. ಆಸ್ಪತ್ರೆಗೆ ಹೋದರೆ ನಿಮ್ಮ ಕಿವಿಗೆ ಬೀಳುತ್ತದೆಂದು ಹೆದರಿ, ಯಾರದೋ ಮನೆಯಲ್ಲಿ ಕದ್ದು ತೆಗೆಸಿಕೊಂಡು, ಈಸ್ಟರಿಗೆ ಮುಂಚಿನ ಗರಿಗಳ ಹಬ್ಬದ ಹಿಂದಿನ ದಿನ ಸತ್ತಳು. ಹೆಣವನ್ನು ನೀವು ಚರ್ಚಿನೊಳಗೆ ಬಿಡಲಿಲ್ಲ.

ಸತ್ತವಳ ಹೆಸರು ಹೇಗೆ ಬಂತೆಂದು ನಿಮ್ಮ ಉಪದೇಶಿ ಇನ್ನಾಸಪ್ಪನವರನ್ನು ಕೇಳಿದೆ. "ಪೂಜೆ ಮಾಡ್ದೇ ಹೂತ್ರೆ ಪುಸ್ತಕದಲ್ಲಿ ಸಾವು ಬರೆಯಲ್ಲ ಕಣಕ್ಕ. ಅದ್ರಲ್ಲಿ ಅವಳಿನ್ನೂ ಬದುಕಿದಾಳೆ" ಅಂದರು.

ಮನವಿ ಶುಕ್ರವಾರ ಹೊರಡುತ್ತದಂತೆ. ಅಷ್ಟರೊಳಗೆ ನನ್ನ ಹೆಸರನ್ನು ಹೊಡೆದುಹಾಕಿ. ಅವಳದನ್ನು ಹೊಡೆಯಬೇಡಿ. ಅದರ ಮುಂದೆ ಅವಳು ಹೇಗೆ ಸತ್ತಳೆಂದು ನಿಮ್ಮ ಕೈಯಾರೆ ಬರೆದು ಕಳಿಸಿ. ಇಲ್ಲಿಯ ಪುಸ್ತಕದಲ್ಲಿ ಜಾಗವಿಲ್ಲದಿದ್ದರೆ, ಮೆಕ್ಸಿಕೋದಲ್ಲಾದರೂ ಅವಳು ಸತ್ತಿದ್ದು ದಾಖಲಾಗಲಿ.

ಇಂತಿ,
ಜೆಸಿಂತಳ ತಾಯಿ
ಲೂರ್ದಮ್ಮ