ಇಪ್ಪತ್ತೈದು ನಿಮಿಷ

ಮನೆಯಿಂದ,
ತಾರೀಕು ಹದಿನಾಲ್ಕು, ಸೋಮವಾರ ಬೆಳಗ್ಗೆ

ನನ್ನ ಮುದ್ದಿನ ಸೊಸೆಗೆ,

ಹೇಗಿದ್ದೀಯಮ್ಮಾ? ನಿನ್ನ ತಲೆನೋವು ಕಡಿಮೆಯಾಯಿತೇ? ಆ ಬಾಡಿಗೆ ಕೋಣೆಗೆ ಸ್ವಲ್ಪವಾದರೂ ಬಿಸಿಲು ಬರುತ್ತದೆ ತಾನೇ? ನನ್ನ ಮಂಡಿ ಎಂದಿನಂತೆಯೇ ಇದೆ. ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಕುರ್ಚಿ ಕಂಡರೆ ಸಮಾಧಾನವಾಗುತ್ತದೆ. ಫೋನಿನಲ್ಲಿ ಹೇಳುವುದು ಬಿಟ್ಟು ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಹಿಡಿಯಿತು ಎಂದು ನೀನು ಅಂದುಕೊಳ್ಳುತ್ತೀಯ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ. ನನ್ನಂಥ ಬಾಯಿಬಡಕಿಗೆ ಅದೇನು ಸಣ್ಣ ಕಾಯಿಲೆಯಲ್ಲ.

ನಿನ್ನೆ ಪುಟ್ಟಿ ಮಾತಾಡಿದಳು. ಹಲ್ಲು ಬಿದ್ದದ್ದು, ಶಾಲೆಯಲ್ಲಿ ಪಕ್ಕದ ಹುಡುಗಿ ಪೆನ್ಸಿಲ್ ಕದ್ದದ್ದು ಎಲ್ಲಾ ಹೇಳಿ, ಕೊನೆಗೆ ದನಿ ಇಳಿಸಿ, "ಅಮ್ಮ ಒಲೆ ಹತ್ರಾನೇ ಹೋಗಲ್ಲ ಅಜ್ಜಿ. ದಿನಾ ಅಂಗಡಿ ಬ್ರೆಡ್ಡೇ. ನನ್ನ ಕೈಯಿಂದ ಏನೂ ತಿನ್ಬೇಡ ಅಂತಾಳೆ" ಎಂದಳು. ಏಳು ವರ್ಷದ ಮಗುವಿಗೆ ತಾಯಿಯ ಕೈಯಡುಗೆ ಇಲ್ಲವೆಂದರೆ ಹೇಗಮ್ಮಾ? ನಿನ್ನ ಕೈಯಿಂದಲೇ ನನ್ನ ಮಗ ಹೋದನೆಂದು ನೀನು ಇನ್ನೂ ನಂಬಿಕೊಂಡಿದ್ದೀಯಲ್ಲ, ಅದು ನನ್ನನ್ನು ತಿನ್ನುತ್ತಿದೆ.

ಹಿತ್ತಲಿನಲ್ಲಿ ಹುರುಳೀಕಾಯಿ ಬಳ್ಳಿ ತಾನಾಗಿಯೇ ಎದ್ದಿದೆ. ನಾನು ಬಿತ್ತಲಿಲ್ಲ, ನೀರು ಹಾಕಲಿಲ್ಲ, ತಿರುಗಿಯೂ ನೋಡಲಿಲ್ಲ. ಹೋದ ವರ್ಷ ನನ್ನ ಮಗ ಕಟ್ಟಿದ್ದ ದಾರವನ್ನೇ ಹಿಡಿದು ಹತ್ತುತ್ತಿದೆ. ಎಂಥಾ ಫಸಲು ಬಂದಿತ್ತು ನೆನಪಿದೆಯಾ? ಬಕೆಟ್ಟು ತುಂಬಿ, ಬಟ್ಟೆ ಒಗೆಯುವ ಟಬ್ಬೂ ತುಂಬಿ, ಅಕ್ಕಪಕ್ಕದವರು ನಮ್ಮನ್ನು ಕಂಡರೆ ಕದ ಹಾಕಿಕೊಳ್ಳುವಷ್ಟು ಹಂಚಿದೆವು. ಆಗ ನೀನು ಫೋನಿನಲ್ಲಿ ವಿಡಿಯೋ ನೋಡಿ, ಉಳಿದ ಕಾಯಿಯನ್ನು ವರ್ಷವಿಡೀ ಕೆಡದಂತೆ ಬಾಟಲಿಯಲ್ಲಿ ತುಂಬಿಡಲು, ಮುಚ್ಚಳದ ಮೇಲೆ ಒತ್ತಡ ತೋರಿಸುವ ಮುಳ್ಳಿರುವ ಆ ದೊಡ್ಡ ಪ್ರೆಷರ್ ಪಾತ್ರೆ ತರಿಸಿದೆ. ಗಾಜಿನ ಬಾಟಲಿ, ಹೊಸ ಮುಚ್ಚಳ, ಬಿಸಿ ಬಾಟಲಿ ಎತ್ತುವ ಇಕ್ಕಳ, ಏನು ಕಥೆ! ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು ನೀನು, ಹನಿ ಲೆಕ್ಕದವಳು. ನಾನೋ ನಲವತ್ತು ವರ್ಷ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸಿದ ದರ್ಜಿ. ಬಾಟಲಿಯ ಬಾಯಲ್ಲಿ ಎಷ್ಟು ಜಾಗ ಬಿಡಬೇಕೆಂದು ನೀನು ಸ್ಕೇಲು ಹಿಡಿದಾಗ ನಾನು ನಕ್ಕದ್ದಕ್ಕೆ ಲೆಕ್ಕವಿಲ್ಲ. "ಹುರುಳೀಕಾಯಿಗೆ ಅಂಗಿ ಹೊಲೀತೀಯೇನೇ?" ಎಂದಿದ್ದೆ. ನೀನೂ ನಕ್ಕಿದ್ದೆ.

ನೀನು ಕೆಂಪು ಶಾಯಿಯಲ್ಲಿ ಬರೆದು ಕಪಾಟಿಗೆ ಅಂಟಿಸಿದ್ದ ಚೀಟಿ ಇನ್ನೂ ಅಲ್ಲೇ ಇದೆ. "ಮುಳ್ಳು ಗೆರೆಗೆ ಬಂದ ಮೇಲೆ ಇಪ್ಪತ್ತೈದು ನಿಮಿಷ. ಒಂದು ನಿಮಿಷವೂ ಕಡಿಮೆ ಆಗಬಾರದು." ನಿನ್ನ ನಾದಿನಿ ಈಗ ಇಲ್ಲೇ ನನ್ನ ಜೊತೆ ಇದ್ದಾಳಲ್ಲ, ಎರಡು ಸಲ ಅದನ್ನು ಕಿತ್ತುಹಾಕಲು ಹೋದಳು. ನಾನು ಬಿಡಲಿಲ್ಲ. ದಿನಾ ಓದುತ್ತೇನೆ.

ಚಳಿಗಾಲದ ಆ ಮಧ್ಯಾಹ್ನ ನಾವು ಮೂವರೂ ಪುಟ್ಟಿಗೆ ಬೂಟು ಕೊಳ್ಳಲು ಪೇಟೆಗೆ ಹೋಗದಿದ್ದರೆ, ಅವನು ಅಡುಗೆಮನೆಯ ಕಟ್ಟೆಯ ಮುಂದೆ ನಿಂತುಕೊಂಡು, ಬಾಟಲಿಗೇ ಚಮಚ ಹಾಕಿ, ಬಿಸಿಯನ್ನೂ ಮಾಡದೆ ತಿನ್ನುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಅದೇ ಚಾಳಿ, ತಟ್ಟೆ ತೊಳೆಯುವ ಸೋಮಾರಿತನ. ಆಸ್ಪತ್ರೆಯಲ್ಲಿ ಎಂಟೇ ದಿನ ಇದ್ದ. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ, ಮುಚ್ಚಳ ಬಿಗಿಯಾಗಿದ್ದರೂ ಒಳಗೇ ಬೆಳೆಯುತ್ತದೆ, ತುಂಬುವಾಗ ಶಾಖ ಸಾಲದೆ ಹೋಗಿರಬೇಕು ಎಂದರು. ನೀನು, "ನಾನೇ ಎಲ್ಲೋ ತಪ್ಪಿದೆ" ಎಂದೆ. ಅವನನ್ನು ಕಳಿಸಿ ಬಂದ ದಿನ ನಿನ್ನ ನಾದಿನಿ ಎಲ್ಲರೆದುರು, "ವಿಡಿಯೋ ನೋಡಿ ಅಡುಗೆ ಕಲಿತ್ರೆ ಹೀಗೇ ಆಗೋದು" ಎಂದಾಗಲೂ ನೀನು ತುಟಿ ಬಿಚ್ಚಲಿಲ್ಲ. ನಾನೂ ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ನೀನು ಪುಟ್ಟಿಯನ್ನು ಕರೆದುಕೊಂಡು ಆ ಬಾಡಿಗೆ ಕೋಣೆಗೆ ಹೊರಟುಹೋದೆ.

ಮಗುವಿಗೆ ಎರಡು ಫ್ರಾಕು ಹೊಲಿದಿದ್ದೇನೆ, ಉದ್ದ ಸ್ವಲ್ಪ ಹೆಚ್ಚೇ ಇಟ್ಟಿದ್ದೇನೆ. ನೀನು ಹೊತ್ತಿಗೆ ಸರಿಯಾಗಿ ಮಲಗು. ನಿಮ್ಮಿಬ್ಬರಿಗೂ ನನ್ನ ಆಯುಸ್ಸು ಸೇರಲಿ. ನನಗಿನ್ನು ಅದನ್ನಿಟ್ಟುಕೊಂಡು ಆಗಬೇಕಾದದ್ದು ಏನೂ ಇಲ್ಲ.

ನಿನ್ನ ಅತ್ತೆ

ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಇಷ್ಟುದ್ದ ಬರೆದು, ಬರೆಯಬೇಕಾದದ್ದನ್ನೇ ಬಿಟ್ಟಿದ್ದೇನೆ. ಕಾಯಿ ತುಂಬಿದ ದಿನ ಕೊನೆಯ ಸಲದ ಬಾಟಲಿಗಳನ್ನು ಪಾತ್ರೆಯಲ್ಲಿಟ್ಟು, ಗಡಿಯಾರ ನೋಡಿಕೊಳ್ಳಿ ಅತ್ತೆ ಎಂದು ಹೇಳಿ ನೀನು ಪುಟ್ಟಿಗೆ ಸ್ನಾನ ಮಾಡಿಸಲು ಹೋದೆ. ಹುರುಳೀಕಾಯಿ ಬೇಯಲು ಹತ್ತು ನಿಮಿಷ ಸಾಕು, ಇವಳದ್ದೊಂದು ಅತಿ ಎಂದುಕೊಂಡು ನಾನು ಒಲೆ ಆರಿಸಿಬಿಟ್ಟೆ. ನೀನು ಬಂದು, "ಇಪ್ಪತ್ತೈದು ಆಯ್ತಾ ಅತ್ತೆ?" ಎಂದು ಕೇಳಿದೆ. "ಆಯ್ತು, ಆಯ್ತು" ಎಂದೆ. ತಣ್ಣಗಾಗುವಾಗ ಮುಚ್ಚಳಗಳು ಒಂದೊಂದಾಗಿ ಟಕ್ ಟಕ್ ಎಂದು ಕೂತವು. ನೋಡಿದೆಯಾ, ನಾನೇ ಗೆದ್ದೆ ಎಂದು ಒಳಗೊಳಗೇ ಹಿಗ್ಗಿದ್ದೆ. ಡಾಕ್ಟರ ಮುಂದೆಯೇ ನನಗೆ ಗೊತ್ತಾಯಿತು. ನೀನು ತಪ್ಪು ಹೊತ್ತುಕೊಂಡೆ, ನಾನು ಹೊರಲು ಬಿಟ್ಟೆ. ಈಗಷ್ಟೇ ನಿನ್ನ ನಾದಿನಿಗೂ ಹೇಳಿದೆ. ಎದ್ದು ಹೋಗಿ ತನ್ನ ಪೆಟ್ಟಿಗೆ ತುಂಬುತ್ತಿದ್ದಾಳೆ. ಹೋಗಲಿ ಬಿಡು. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ನಿನ್ನ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ. ಮೊದಲು ಹೋಗಿ ಒಲೆ ಹಚ್ಚಮ್ಮಾ, ಮಗು ಹಸಿದಿದೆ.